ಮೂರು ಖಾಲಿ, ಒಂಟೆ, ನಾಲ್ಕು ಖಾಲಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಕನ್ನಡಕದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಸಂದು ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗ. ಅಲ್ಲಿ ಮೂವತ್ತಾರು ವರ್ಷ ಬೀಗ ರಿಪೇರಿ ಮಾಡಿದವರನ್ನು ಓಣಿಯವರೆಲ್ಲ ‘ಬೀಗರು’ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ, ಇವರು ನಿಮಗೆ ಯಾವ ಕಡೆಯಿಂದ ಬೀಗರು ಎಂದು ಕೇಳಿದರೆ ಅವರೇ ಉತ್ತರ ಕೊಡುತ್ತಿದ್ದರು.

“ಹೆಣ್ಣು ಕೊಟ್ಟೂ ಇಲ್ಲ, ತಂದೂ ಇಲ್ಲ ಸ್ವಾಮಿ. ಬೀಗ ಹಾಕಿದ್ದೀನಿ, ಬೀಗ ತೆಗೆದಿದ್ದೀನಿ. ಅಷ್ಟಕ್ಕೇ ಊರೆಲ್ಲಾ ನೆಂಟರು.”

ತೆಳ್ಳಗಿನ ಆಳು. ಬಲಗೈಯ ತೋರುಬೆರಳಿನ ತುದಿ ಕೀಲಿ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಬಾಗಿಲ ಮುಂದೆ ಮಂಡಿಯೂರಿ, ಬಾಗಿದ ತಂತಿಯೊಂದನ್ನು ಬೀಗದೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ಕೂತರೆಂದರೆ ಸುತ್ತ ನಿಂತವರು ತಾವಾಗಿಯೇ ಮಾತು ನಿಲ್ಲಿಸುತ್ತಿದ್ದರು. ತೆರೆದ ಮೇಲೆ ಹೇಗೆ ತೆರೆದಿರಿ ಎಂದು ಯಾರು ಕೇಳಿದರೂ ಹೇಳುತ್ತಿರಲಿಲ್ಲ. ತಾವೂ ಇನ್ನೊಬ್ಬ ಬೀಗದವನನ್ನು ಕೇಳುತ್ತಿರಲಿಲ್ಲ. “ಒಂದು ಬೀಗ ಹೇಗೆ ತೆರೀತು ಅಂತ ಬೇರೆಯವನನ್ನ ಕೇಳಿದ ದಿನ ನಾನು ಅಂಗಡಿ ಮುಚ್ಚಬೇಕು” ಎನ್ನುತ್ತಿದ್ದರು. ಇದು ಜಂಬದ ಮಾತಿನ ಹಾಗೆ ಕೇಳಿಸುತ್ತಿತ್ತು. ಅವರಿಗೆ ಅದು ವ್ರತ.

ಅವರ ಗೆಳೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಕರಡು ತಿದ್ದುವವನೆಂದು ಗೊತ್ತಾದ ಮರುಗಳಿಗೆಯೇ ಬೀಗರು ಅವನಿಗೆ ‘ಕರಡಿ’ ಎಂದು ಹೆಸರಿಟ್ಟರು. ಇಬ್ಬರ ಪರಿಚಯವಾದದ್ದೇ ಒಂದು ತಪ್ಪಿನಿಂದ. ಇಪ್ಪತ್ತು ವರ್ಷದ ಹಿಂದೆ ಕರಡಿ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದ. ಬೀಗರನ್ನು ಕರೆದು, ಮೂರನೆಯ ಮಹಡಿ, ಎಡಗಡೆ ಎಂದು ಹೇಳಿ, ತಾನು ಕೆಳಗೆ ಫೋನಿನಲ್ಲಿ ಮಾತಾಡುತ್ತ ನಿಂತ. ಬೀಗರು ಎರಡನೆಯ ಮಹಡಿಯ ಎಡಗಡೆಯ ಬಾಗಿಲನ್ನು ಎರಡೇ ನಿಮಿಷದಲ್ಲಿ ತೆರೆದರು. ಒಳಗೆ ಅಜ್ಜಿಯೊಬ್ಬರು ಟಿ.ವಿ. ನೋಡುತ್ತ ಕೂತಿದ್ದರು.

“ಯಾರಪ್ಪಾ?”

“ಮನೆ ತಪ್ಪಿತು ತಾಯಿ.”

“ತಪ್ಪಿದ್ದು ಸರಿ, ಬೀಗ ಹೇಗಪ್ಪಾ ತೆಗೆದೆ?”

“ಅದನ್ನ ಮಾತ್ರ ಕೇಳಬೇಡಿ.”

ಆಮೇಲೆ ಸರಿಯಾದ ಮನೆಯ ಬಾಗಿಲು ತೆರೆದಾಗ, ಕಿಟಕಿಯ ಬಳಿ ಹರಡಿದ್ದ ಚದುರಂಗದ ಹಲಗೆ ಅವರ ಕಣ್ಣಿಗೆ ಬಿತ್ತು. ಕಾಯಿಗಳನ್ನು ನೋಡುತ್ತಾ ಹತ್ತು ನಿಮಿಷ ನಿಂತರು. “ಇಲ್ಲೂ ಒಂದು ಮನೆ ತಪ್ಪಿದೆಯಲ್ಲಪ್ಪ, ಈ ಕುದುರೆ ಪಕ್ಕದ ಮನೆಯಲ್ಲಿರಬೇಕು” ಎಂದರು. ಅಂದಿನಿಂದ ಭಾನುವಾರ ಮಧ್ಯಾಹ್ನಗಳು ಅವರಿಬ್ಬರವು.

ಆಡುವುದರಲ್ಲಿ ಕರಡಿ ಒಂದು ಕೈ ಮೇಲು. ಬೀಗರಿಗೆ ಗೆಲ್ಲುವ ಹಂಬಲವೇ ಇರಲಿಲ್ಲ. ಅವರ ಖುಷಿಯೆಲ್ಲ ಆಟದ ಕೊನೆಯಲ್ಲಿ, ಹಲಗೆಯ ಮೇಲೆ ಕಾಯಿಗಳು ಕಡಿಮೆಯಾಗಿ, ಒಬ್ಬ ಸೋತೇ ಹೋದ ಎಂದು ಎಲ್ಲರೂ ಎದ್ದು ನಿಂತಾಗ ಅವನು ಒಳಗಿನಿಂದ ಚಿಲಕ ಹಾಕಿಕೊಂಡು ಕೂರುವುದರಲ್ಲಿ ಇತ್ತು. ಎದುರಾಳಿಯ ಬಳಿ ಎರಡು ಆನೆ ಹೆಚ್ಚಿದ್ದರೂ ಒಳಗೆ ಬರಲು ದಾರಿಯಿಲ್ಲ. ಅದಕ್ಕೆ ಅವರು ‘ಕೋಟೆ’ ಎನ್ನುತ್ತಿದ್ದರು. ಬೀಗದ ಡಬ್ಬಿಗಳ ರಟ್ಟನ್ನು ಚೌಕವಾಗಿ ಕತ್ತರಿಸಿ, ಒಂದು ಬದಿಯಲ್ಲಿ ಅರವತ್ತನಾಲ್ಕು ಮನೆ ಗೀಚಿ, ತಮ್ಮ ಕೋಟೆಗಳನ್ನು ಒಂದೊಂದಾಗಿ ಬರೆದಿಡತೊಡಗಿದರು.

ಕರಡಿಯ ಮನೆಗೆ ಕಂಪ್ಯೂಟರ್ ಬಂದ ಮೇಲೆ ಈ ಕೆಲಸಕ್ಕೆ ಒಂದು ಪರೀಕ್ಷೆ ಸಿಕ್ಕಿತು. ಚೆಸ್ ಎಂಜಿನ್ನನ್ನು, ಅಂದರೆ ಚದುರಂಗ ಆಡುವ ಪ್ರೋಗ್ರಾಮನ್ನು, ಆಟದಲ್ಲಿ ಸೋಲಿಸುವುದು ಮನುಷ್ಯರ ಕೈಲಾಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಅದನ್ನು ಏಮಾರಿಸಬಹುದು. ಯಾವ ಸ್ಥಿತಿ ಕೊಟ್ಟರೂ ಅದು ಒಂದು ಅಂಕಿ ಹೇಳುತ್ತದೆ. ಬಿಳಿ ಆರು ಕಾಲಾಳಿನಷ್ಟು ಮುಂದೆ ಎಂದರೆ ಬಿಳಿಗೆ ಗೆಲುವು ಖಂಡಿತ ಎಂದರ್ಥ. ಹಾಗೆ ಅದು ಎದೆ ತಟ್ಟಿ ಹೇಳಬೇಕು, ಆದರೆ ಎಷ್ಟು ಆಡಿದರೂ ಗೆಲ್ಲಬಾರದು. ಅಂಥ ಕೋಟೆ ಕಟ್ಟಬೇಕು. ಅದು ಬೀಗರ ಪಂಥ. ಯಂತ್ರ ಏಮಾರಿದರೆ ರಟ್ಟಿನ ಮೇಲೆ ಹಸಿರು ಚುಕ್ಕೆ. ಗೆಲ್ಲುವ ದಾರಿ ಕಂಡುಹಿಡಿದರೆ ಕೆಂಪು ಗೀಟು. ಎಂಜಿನ್ನಿನ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಕೋಟೆಗಳನ್ನು ಮತ್ತೆ ಮೊದಲಿನಿಂದ ಕೊಟ್ಟು ನೋಡುವರು.

“ಏನಂತಾನೆ ನಿನ್ನ ಡಬ್ಬಿಯೊಳಗಿನ ಪಂಡಿತ?” ಎಂದು ಬೀಗರು ಕೇಳುವರು.

“ಐದೂವರೆ ಅಂತಾನೆ.”

“ಬಿಡು, ಸಂಜೆ ತನಕ ಗೋಡೆ ಸುತ್ತಲಿ. ಬಾಯಾರಿದಾಗ ತಾನೇ ನಿಲ್ತಾನೆ.”

ಸ್ಥಿತಿಯನ್ನು ಯಂತ್ರಕ್ಕೆ ಊಡಿಸುವುದಕ್ಕೆ ಒಂದು ಕ್ರಮವಿತ್ತು. ಮೇಲಿನ ಸಾಲಿನಿಂದ ಶುರು. ಖಾಲಿ ಮನೆಗಳಿಗೆ ಅಂಕಿ, ಕಾಯಿಗೆ ಅಕ್ಷರ. ಬೀಗರು ರಟ್ಟು ಹಿಡಿದು “ಎರಡು ಖಾಲಿ, ಕುದುರೆ, ಐದು ಖಾಲಿ” ಎಂದು ಓದುವರು, ಕರಡಿ ಬೆರಳಚ್ಚಿಸುವನು. ಸಾಲಿಗೆ ಎಂಟು ಸೇರದಿದ್ದರೆ ಯಂತ್ರವೇ ತಕರಾರು ತೆಗೆಯುತ್ತದೆ. ಎಂಟು ಸೇರಿದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ, ಕಾಯಿ ಯಾವ ಮನೆಯಲ್ಲಿದ್ದರೂ ಅದಕ್ಕೇನು? ಆದ್ದರಿಂದ ಎಂಟು ಸಾಲೂ ಮುಗಿದ ಮೇಲೆ ಕರಡಿ ಪರದೆ ನೋಡಿಕೊಂಡು ಎಲ್ಲವನ್ನೂ ತಿರುಗಿ ಓದಿ ಹೇಳಬೇಕು, ಬೀಗರು ರಟ್ಟಿನ ಮೇಲೆ ಬೆರಳಿಟ್ಟು ‘ಸರಿ’ ಎನ್ನಬೇಕು. ಈ ಪದ್ಧತಿ ಬೀಗರ ಹೆಂಡತಿಯದು. ಅವರು ಇಪ್ಪತ್ತೇಳು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ನಂಬರನ್ನು ತಿರುಗಿ ಹೇಳಿ, ಆ ಕಡೆಯಿಂದ ಸರಿ ಎನ್ನಿಸಿಕೊಳ್ಳದೆ ಯಾರಿಗೂ ಲೈನ್ ಕೊಟ್ಟವರಲ್ಲ.

“ಮನೆಯಲ್ಲೂ ಹಾಗೇ ಮಾರಾಯ” ಎಂದು ಬೀಗರು ನಗುತ್ತಿದ್ದರು. “ಉಪ್ಪು ತಾ ಅಂದರೂ ‘ಉಪ್ಪು, ಸರಿನಾ?’ ಅಂತ ಕೇಳ್ತಾಳೆ.”

ನಲವತ್ತೊಂದನೆಯ ರಟ್ಟು ಅವರ ಏಳು ತಿಂಗಳ ಕೆಲಸ. ಹಲಗೆಯ ಈ ಅಂಚಿನಿಂದ ಆ ಅಂಚಿಗೆ ಕಾಲಾಳುಗಳು ಎದುರುಬದುರು ನಿಂತು ಹೆಣೆದ ಗೋಡೆ. ಅದರಲ್ಲಿ ಒಂದೇ ಒಂದು ಸಂದು. ಕಪ್ಪಿನ ಬಳಿ ಉಳಿದಿರುವುದು ಒಂದು ಆನೆ. ಆ ಆನೆ ರಾಜನಿಗೆ ಶಹ್ ಕೊಟ್ಟು ತಾನಾಗಿ ಸಾಯುತ್ತದೆ. ಬಿಳಿ ಅದನ್ನು ಹೊಡೆಯಲೇಬೇಕು, ಹೊಡೆದ ಕಾಲಾಳು ಹೋಗಿ ಸಂದಿನಲ್ಲಿ ತಾನೇ ಬೆಣೆಯಾಗಿ ಸಿಕ್ಕಿಕೊಳ್ಳುತ್ತದೆ. ಬಾಗಿಲು ಮುಚ್ಚಿತು. ಆಮೇಲೆ ಬಿಳಿಯ ಬಳಿ ಎರಡು ಆನೆ, ಒಂದು ಒಂಟೆ ಇದ್ದರೂ ಒಳಗೆ ಬರುವಂತಿಲ್ಲ. ಒಂಟೆ ಹುಟ್ಟಿದ ಬಣ್ಣದ ಮನೆಗಳಲ್ಲೇ ಓಡಾಡಿ ಸಾಯುವ ಪ್ರಾಣಿ. ಬಿಳಿ ಮನೆಯದು ಕಪ್ಪು ಮನೆಗೆ ಕಾಲಿಡದು. ಕಪ್ಪು ಕಾಲಾಳುಗಳೆಲ್ಲ ಕಪ್ಪು ಮನೆಗಳಲ್ಲಿದ್ದವು, ಒಂಟೆ ಬಿಳಿ ಮನೆಯದಾಗಿತ್ತು. ಎಲ್ಲ ನಿಂತಿದ್ದದ್ದು ಅದರ ಮೇಲೆ.

“ಇದು ಹಾರ್ಡ್‌ವೇರ್ ಅಂಗಡಿ ಬೀಗ ಅಲ್ಲ ಕರಡಿ, ಬ್ಯಾಂಕಿನ ತಿಜೋರಿ” ಎಂದು ಆ ಭಾನುವಾರ ಬೀಗರು ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಒಂದೊಂದೇ ಸಾಲು ಓದಿದರು. ಕೊನೆಯ ಸಾಲು: “ಮೂರು ಖಾಲಿ, ಒಂಟೆ, ನಾಲ್ಕು ಖಾಲಿ.” ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಒಲೆಯ ಮೇಲೆ ಪಾತ್ರೆ ಇಟ್ಟು ಹೊರಗೆ ಸಿಕ್ಕಿಕೊಂಡ ಯಾರೋ ಹೆಂಗಸು. ಬೀಗರು ರಟ್ಟನ್ನು ಜೇಬಿಗೆ ಸೇರಿಸಿ, ಉಪಕರಣದ ಚೀಲ ಎತ್ತಿಕೊಂಡು ಬಾಗಿಲಲ್ಲಿ ತಿರುಗಿದರು.

“ತಿರುಗಿ ಓದಿಲ್ಲ ನೀನು.”

“ಮನಸ್ಸಲ್ಲೇ ಓದಿದ್ದೀನಿ, ಎಲ್ಲ ಸರಿಯಾಗಿದೆ. ಹೋಗಿ ಹೋಗಿ, ಆಯಮ್ಮನ ಮನೆ ಹೊತ್ತಿ ಉರಿದೀತು.”

ಓದಿರಲಿಲ್ಲ. ಇದನ್ನು ಬರೆದಿಡಲೇಬೇಕು. ಮೂವತ್ತು ವರ್ಷ ಬೇರೆಯವರ ಅಚ್ಚಿನ ತಪ್ಪು ಹೆಕ್ಕಿ ಅನ್ನ ತಿಂದವನು ಓದದೆಯೇ ಓದಿದ್ದೇನೆ ಎಂದ. ಹತ್ತು ನಿಮಿಷದಲ್ಲಿ ಯಂತ್ರ ಗೆಲುವಿನ ದಾರಿ ತೋರಿಸಿತು: ಆನೆಯನ್ನು ಹೊಡೆದು, ಬಾಗಿಲು ಮುಚ್ಚಿದ ಮೇಲೂ ಬಿಳಿಯ ಒಂಟೆ ಓರೆಯಾಗಿ ಹೋಗಿ ಅಂಚಿನ ಕಪ್ಪು ಕಾಲಾಳನ್ನು ಹೊಡೆದು ಸಾಯುತ್ತದೆ, ಗೋಡೆಯ ಒಂದು ಇಟ್ಟಿಗೆ ಬಿತ್ತು, ಎರಡೂ ಆನೆಗಳು ಒಳಗೆ ನುಗ್ಗಿದವು. ಕರಡಿ ಬೆರಗಾಗಿ ನೋಡಿದ. ಬೆರಗಿನ ಅಡಿಯಲ್ಲಿ ಇನ್ನೊಂದಿತ್ತು. ಅವನೂ ಕದ್ದುಮುಚ್ಚಿ ನಾಲ್ಕು ಕೋಟೆ ಕಟ್ಟಿ ನೋಡಿದ್ದ, ನಾಲ್ಕನ್ನೂ ಯಂತ್ರ ನಿಮಿಷದಲ್ಲಿ ಒಡೆದಿತ್ತು. ಬೀಗರದೂ ಒಡೆಯಿತಲ್ಲ ಎಂದಾಗ ಎದೆಯಲ್ಲಿ ಎಲ್ಲೋ ಒಂದು ಕಡೆ ತಣ್ಣಗಾಯಿತು. ಸಾಸಿವೆಯಷ್ಟು. ಆದರೆ ಆಯಿತು.

ಬೀಗರು ಹಿಂದಿರುಗುವ ಹೊತ್ತಿಗೆ ಅವನು ಕಂಪ್ಯೂಟರ್ ಆರಿಸಿದ್ದ.

“ಏನಾಯ್ತು?”

“ಒಡೀತು ಬೀಗರೇ.”

ಅವರು ಚೀಲ ಕೆಳಗಿಟ್ಟರು. ನಿಧಾನವಾಗಿ ಕೂತರು.

“ಹೇಗೆ ಅಂತ ತೋರಿಸ್ಲಾ?”

“ಬೇಡ. ಹೇಳಬೇಡ. ನಾನೇ ಹುಡುಕ್ತೀನಿ. ನಾನು ಕಟ್ಟಿದ ಬೀಗ. ಅದರ ತೂತು ನನಗೇ ಗೊತ್ತಾಗಬೇಕು” ಎಂದರು. ಜೇಬಿನಿಂದ ರಟ್ಟು ತೆಗೆದು ತಾವೇ ಕೆಂಪು ಗೀಟು ಎಳೆದರು.

ಆಮೇಲೆ ಅವರು ಹೊಸ ಕೋಟೆ ಕಟ್ಟಲಿಲ್ಲ. ಭಾನುವಾರ ಬರುವರು, ಹಳೆಯದೊಂದು ಆಟ ಆಡುವರು, ಕಿಟಕಿಯ ಹೊರಗೆ ನೋಡುವರು. ಅಂಗಡಿಯಲ್ಲೂ ಏನೋ ಬದಲಾಯಿತು. ಕಡೆದ ಕೀಲಿಯನ್ನು ಎರಡೆರಡು ಸಲ ಅಳೆದು ನೋಡುವರು. ಒಂದು ದಿನ ಹಳೆಯ ತಿಜೋರಿ ತೆರೆಯಲು ಕರೆ ಬಂದಾಗ ಬೇರೆಯವರನ್ನು ನೋಡಿಕೊಳ್ಳಿ ಎಂದರಂತೆ. ಕನ್ನಡಕದ ಅಂಗಡಿಯವನು ಇದನ್ನು ಹೇಳಿದಾಗ ಕರಡಿಗೆ ನಂಬಿಕೆಯಾಗಲಿಲ್ಲ. ಕೇಳಿಯೇಬಿಟ್ಟ.

“ತಲೆಗೆ ತುಕ್ಕು ಹಿಡೀತಾ ಇದೆ ಮಾರಾಯ. ಕಣ್ಣ ಮುಂದೆ ಇರೋ ತೂತೇ ಕಾಣ್ತಿಲ್ಲ ಅಂದ ಮೇಲೆ ಜನರ ತಿಜೋರಿಗೆ ಹೇಗೆ ಕೈ ಹಾಕಲಿ?” ಎಂದರು. ನಗುತ್ತಲೇ ಅಂದರು.

ಹೀಗೆ ಏಳು ತಿಂಗಳು ಕಳೆಯಿತು. ಎಂಜಿನ್ನಿನ ಹೊಸ ಆವೃತ್ತಿ ಬಂತು. ಬೀಗರಿಗೆ ಉತ್ಸಾಹವಿರಲಿಲ್ಲ, ನೀನೇ ನೋಡು ಎಂದು ರಟ್ಟುಗಳ ಡಬ್ಬಿಯನ್ನು ಕರಡಿಗೆ ಕೊಟ್ಟು ಹೋದರು. ಅವನು ಒಬ್ಬನೇ ಕೂತು, ಹಿಂದೆ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಸಾಲುಗಳನ್ನು ರಟ್ಟಿಗೆ ತಾಳೆ ಹಾಕುತ್ತಾ ಬಂದ. ನಲವತ್ತೊಂದಕ್ಕೆ ಬಂದಾಗ ಕೊನೆಯ ಸಾಲಿನಲ್ಲಿ ಕಣ್ಣು ನಿಂತಿತು. ರಟ್ಟಿನಲ್ಲಿ ಮೂರು ಖಾಲಿ, ಒಂಟೆ, ನಾಲ್ಕು ಖಾಲಿ. ಪರದೆಯಲ್ಲಿ ನಾಲ್ಕು ಖಾಲಿ, ಒಂಟೆ, ಮೂರು ಖಾಲಿ. ಎರಡೂ ಎಂಟೇ. ಒಂಟೆ ಪಕ್ಕದ ಮನೆಗೆ ಹೋಗಿ ಬಣ್ಣ ಬದಲಿಸಿಬಿಟ್ಟಿತ್ತು.

ಸರಿಪಡಿಸಿ ಕೊಟ್ಟ. ಯಂತ್ರ ‘ಬಿಳಿ ಆರೂವರೆ’ ಎಂದಿತು. ಎಂಜಿನ್ನಿನ ಹಳೆಯ ಆವೃತ್ತಿಯನ್ನೂ ಹೊಸದನ್ನೂ ಒಂದಕ್ಕೊಂದು ಎದುರಾಗಿ ಆಡಲು ಬಿಟ್ಟ. ಕಪ್ಪು ಆನೆಯನ್ನು ಬೀಗರು ಹೇಳಿದ ಹಾಗೆ ಬಲಿ ಕೊಟ್ಟು, ಮುಂದಿನದನ್ನು ಯಂತ್ರಕ್ಕೆ ಬಿಟ್ಟ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಳಿ ಒಂಟೆ ಆ ಮನೆಯಿಂದ ಈ ಮನೆಗೆ, ಆನೆಗಳು ಈ ಮೂಲೆಯಿಂದ ಆ ಮೂಲೆಗೆ. ಗೆದ್ದೆ ಗೆದ್ದೆ ಎಂದು ಅಂಕಿ ಕೂಗುತ್ತಲೇ ಇತ್ತು, ಕೋಟೆ ಕದಲಲಿಲ್ಲ. ಕೊನೆಗೆ ಡ್ರಾ. ನಲವತ್ತೊಂದರಲ್ಲಿ ಇಂಥದ್ದು ಇನ್ನೊಂದಿರಲಿಲ್ಲ. ಅದನ್ನು ನೋಡಲು ಕಟ್ಟಿದವರೇ ಅಲ್ಲಿರಲಿಲ್ಲ.

ಅವತ್ತೇ ಓಡಿಹೋಗಿ ಹೇಳಬೇಕಿತ್ತು. ನಡೆದುಕೊಂಡು ಹೋದರೆ ಹನ್ನೆರಡು ನಿಮಿಷದ ದಾರಿ. ಭಾನುವಾರ ಹೇಳೋಣವೆಂದುಕೊಂಡ. ಭಾನುವಾರ ಬಂದಾಗ, ಡಬ್ಬಿ ಹಿಂದಿರುಗಿಸುತ್ತಾ “ಹೊಸದೇನೂ ಇಲ್ಲ ಬೀಗರೇ” ಎಂದುಬಿಟ್ಟ. ಅದಾದ ಮೇಲೆ ತಪ್ಪಿನ ಜೊತೆಗೆ ಸುಳ್ಳನ್ನೂ ಒಪ್ಪಿಕೊಳ್ಳಬೇಕಾಯಿತು, ಅದರ ಮುಂದಿನ ವಾರ ವಿಳಂಬವನ್ನೂ. ಪ್ರತಿ ವಾರ ಒಂದೊಂದು ಸಾಲು ಉದ್ದವಾಗುತ್ತಾ ಹೋಯಿತು. ಒಮ್ಮೆ ಅಂಗಡಿಯ ಮುಂದೆ ನಿಂತು “ಬೀಗರೇ, ಆ ನಲವತ್ತೊಂದು...” ಎಂದು ಬಾಯಿ ತೆರೆದೂ ಇದ್ದ. ಗಿರಾಕಿಯೊಬ್ಬ ಸೂಟ್‌ಕೇಸ್ ತಂದು ನಡುವೆ ಇಟ್ಟ. ಕರಡಿಗೆ ಆದದ್ದು ನಿರಾಳ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ಬುಧವಾರ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಎತ್ತಿದ ಬೀಗರು ಅಲ್ಲೇ ಕುಸಿದರು. ಜೆರಾಕ್ಸ್ ಅಂಗಡಿಯವನು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೀಲಿ ಷಟರಿನ ಬೀಗದಲ್ಲೇ ನೇತಾಡುತ್ತಿತ್ತಂತೆ.

ಒಂದು ತಿಂಗಳಾದ ಮೇಲೆ ಬೀಗರ ಮಗಳು ಕರಡಿಯನ್ನು ಮನೆಗೆ ಕರೆದಳು. ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಮೇಜಿನ ಮೇಲೆ ರಟ್ಟುಗಳನ್ನು ಸಾಲಾಗಿ ಜೋಡಿಸಿದ್ದಳು. ಪಕ್ಕದಲ್ಲಿ ಅವಳ ತಾಯಿ, ವಾರಸುದಾರರಿಲ್ಲದ ಕೀಲಿಗಳ ರಾಶಿಯನ್ನು ಗಾತ್ರ ನೋಡಿ ಬೇರೆ ಮಾಡುತ್ತ ಕೂತಿದ್ದರು.

“ಚಿಕ್ಕಪ್ಪ, ಅಪ್ಪನ ಕೋಟೆಗಳನ್ನ ಒಂದು ಚಿಕ್ಕ ಪುಸ್ತಕ ಮಾಡಿಸೋಣ ಅಂತ. ಕರಡು ನೀವೇ ನೋಡಬೇಕು. ಹಸಿರು ಚುಕ್ಕೆ ಇರೋದಷ್ಟೇ ಸಾಕಲ್ವಾ? ಗೀಟು ಹಾಕಿರೋದು ಒಡೆದಿದ್ದು, ಅದು ಬೇಡ.”

“ಹೂಂ” ಎಂದ ಕರಡಿ.

ಅಷ್ಟೇ ಸಾಕಿತ್ತು. ಅವಳು ಗೀಟಿನ ರಟ್ಟುಗಳನ್ನು ಒಂದರ ಮೇಲೊಂದು ಇಟ್ಟು ರಬ್ಬರ್ ಬ್ಯಾಂಡ್ ಹಾಕಲು ಹೊರಟಳು. ನಲವತ್ತೊಂದು ಮೇಲೇ ಇತ್ತು. ಬೋರಲಾಗಿತ್ತು. ಅದರ ಬೆನ್ನಿನಲ್ಲಿ ಸಣ್ಣ ಅಕ್ಷರಗಳು ಒತ್ತೊತ್ತಾಗಿ ತುಂಬಿದ್ದವು.

“ಇದೇನಿದು?” ಎಂದು ಕೈ ಚಾಚಿದ. ಡಬ್ಬಿ ಅವನ ಮನೆಯಲ್ಲಿದ್ದಾಗಲೂ ಅವನು ರಟ್ಟಿನ ಬೆನ್ನು ತಿರುಗಿಸಿ ನೋಡಿರಲಿಲ್ಲ.

ಭಾನುವಾರಗಳ ತಾರೀಖುಗಳು. ಪ್ರತಿಯೊಂದರ ಮುಂದೆ ಒಂದೇ ಮಾತು: ಸಿಗಲಿಲ್ಲ. ಸಿಗಲಿಲ್ಲ. ಸಿಗಲಿಲ್ಲ. ಕೊನೆಯದು ಆ ಬುಧವಾರಕ್ಕೆ ಮೂರು ದಿನ ಮುಂಚಿನದು. ಕರಡಿ ಬೆರಳಿಟ್ಟು ಎಣಿಸಿದ. ತನಗೆ ನಿಜ ಗೊತ್ತಾದ ಮೇಲಿನವೇ ಹದಿನೇಳು.

“ಅತ್ತಿಗೆ” ಎಂದ.

ಅವರು ಕೀಲಿಗಳಿಂದ ತಲೆ ಎತ್ತಿದರು.

“ಇದು ಒಡೆದಿಲ್ಲ ಅತ್ತಿಗೆ. ಇದರಲ್ಲಿ ತೂತೇ ಇಲ್ಲ. ಅವರು ಓದಿದ್ದು ಒಂದು, ನಾನು ಒತ್ತಿದ್ದು ಒಂದು. ತಿರುಗಿ ಓದು ಅಂದರು, ಓದಿದ್ದೀನಿ ಅಂದೆ. ಓದಿರಲಿಲ್ಲ.”

“ಇವರಿಗೆ ಗೊತ್ತಿತ್ತಾ?”

“ಇಲ್ಲ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಅವರು ಹೋಗೋದಕ್ಕೆ ನಾಲ್ಕು ತಿಂಗಳು ಮುಂಚೆ.”

ಮಗಳ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಗೇ ಉಳಿಯಿತು. ತಾಯಿ ಒಂದು ಕೀಲಿಯನ್ನು ಎತ್ತಿ, ಯಾವ ರಾಶಿಗೆ ಹಾಕಬೇಕೋ ತಿಳಿಯದವರಂತೆ ಹಿಡಿದುಕೊಂಡರು.

“ಮರೆವು ಶುರುವಾಯ್ತು ಅಂತ ಇವರನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದೆ, ಗೊತ್ತಾ ನಿಮಗೆ?” ಎಂದರು. ದನಿ ಏರಲಿಲ್ಲ. “ಡಾಕ್ಟರು ಏನೂ ಇಲ್ಲ ಅಂದರು. ಇವರು ನಂಬಲಿಲ್ಲ. ‘ಡಾಕ್ಟರಿಗೇನು ಗೊತ್ತು, ಕರಡಿ ಸುಳ್ಳು ಹೇಳಲ್ಲ’ ಅಂದರು.”

ಕರಡಿ ಕ್ಷಮಿಸಿ ಎನ್ನಲು ಬಾಯಿ ತೆರೆದ, ಆ ಮಾತು ಇವರಿಗೆ ಸಲ್ಲಬೇಕಾದದ್ದಲ್ಲ ಎನಿಸಿ ಮುಚ್ಚಿದ.

“ಪುಸ್ತಕದಲ್ಲಿ ಇದು ಮೊದಲು ಬರಲಿ” ಎಂದ ಕೊನೆಗೆ. “ಹಿಂದೆ ತಪ್ಪು ಒಪ್ಪು ಅಂತ ಒಂದು ಪುಟ ಹಾಕ್ತೀನಿ. ತಪ್ಪು ಯಾರದು ಅಂತ ಬರೀತೀನಿ.”

“ಬರೆಯಿರಿ” ಎಂದರು. ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಅವನು ಎದ್ದು ಹೋಗುತ್ತಿದ್ದನೋ ಏನೋ. ಆಮೇಲೆ ಕೀಲಿಗಳನ್ನು ಒಂದು ಬದಿಗೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ರಟ್ಟನ್ನು ತಮ್ಮ ಕಡೆ ಎಳೆದುಕೊಂಡರು. ಮಗಳ ಕಡೆ ತಿರುಗಿ ಕಂಪ್ಯೂಟರ್ ತೆಗಿ ಎಂದರು. ಕರಡಿಯ ಮುಂದಕ್ಕೆ ಅದನ್ನು ತಳ್ಳಿಸಿದರು.

“ನಾನು ಓದ್ತೀನಿ, ನೀವು ಒತ್ತಿ. ಆಮೇಲೆ ತಿರುಗಿ ಓದಿ.”

“ಅತ್ತಿಗೆ, ನಿಮಗೆ ಕಾಯಿಗಳು...”

“ಕೆಳಗಡೆ ಇವರು ಪದದಲ್ಲೂ ಬರೆದಿದ್ದಾರೆ. ಕನ್ನಡ ಬರುತ್ತೆ ನನಗೆ.”

ಓದಿದರು. ಎಕ್ಸ್‌ಚೇಂಜಿನಲ್ಲಿ ಓದುತ್ತಿದ್ದಂತೆಯೇ ಇರಬೇಕು, ಒಂದೇ ಏರಿನ ದನಿ, ಪ್ರತಿ ಅಂಕಿಗೂ ಒಂದು ನಿಲುಗಡೆ. ಅವನು ಒತ್ತಿದ. ಎಂಟು ಸಾಲು ಮುಗಿದ ಮೇಲೆ ಪರದೆ ನೋಡಿಕೊಂಡು ತಿರುಗಿ ಓದತೊಡಗಿದ. ಒಂದೊಂದು ಸಾಲಿಗೂ ಅವರು ಬೆರಳಿಟ್ಟು ‘ಸರಿ’ ಎಂದರು. ಏಳು ಸಲ ಸರಿ ಎಂದರು.

ಎಂಟನೆಯ ಸಾಲಿಗೆ ಬಂದಾಗ ಅವನು ಪರದೆಯ ಮೇಲಿನದನ್ನು ಎರಡೆರಡು ಸಲ ಎಣಿಸಿದ.

“ಹೇಳಿ” ಎಂದರು ಅವರು, ರಟ್ಟಿನಿಂದ ಕಣ್ಣೆತ್ತದೆ. “ಲೈನ್ ಕಾಯ್ತಾ ಇದೆ.”

“ಮೂರು ಖಾಲಿ” ಎಂದ ಕರಡಿ. “ಒಂಟೆ. ನಾಲ್ಕು ಖಾಲಿ.”

ಅವರ ಬೆರಳು ಆ ಮನೆಯ ಮೇಲೆ ಬಹಳ ಹೊತ್ತು ನಿಂತಿತ್ತು.